ನಕ್ಷತ್ರ ಉದುರಿಸಿದ್ದು

ಆರು ತಿಂಗಳು ಜರ್ಮನ್ ಕಲಿತ ತಪ್ಪಿಗೆ ಮೂವತ್ತು ವರ್ಷ ಕಳೆದ ಮೇಲೆ ಶಿಕ್ಷೆಯಾದೀತು ಎಂದು ನಾನು ಎಣಿಸಿರಲಿಲ್ಲ. ಬ್ಯಾಂಕಿನ ಕೆಲಸ ಮುಗಿಸಿ ಸಂಜೆಯ ತರಗತಿಗೆ ಹೋಗುತ್ತಿದ್ದ ಕಾಲವದು. ‘ರೈಲು ನಿಲ್ದಾಣ ಎಲ್ಲಿದೆ?’ ಎಂದು ಕೇಳುವವರೆಗೆ ಕಲಿತು, ಯಾರಾದರೂ ಉತ್ತರ ಹೇಳಿದರೆ ಅರ್ಥವಾಗದ ಹಂತದಲ್ಲಿ ನಿಲ್ಲಿಸಿದ್ದೆ. ಪ್ರಮಾಣಪತ್ರ ಮಾತ್ರ ಎಲ್‌ಐಸಿ ಬಾಂಡುಗಳ ಜೊತೆ ಭದ್ರವಾಗಿತ್ತು. ಅದನ್ನು ಒಮ್ಮೆ ಮನೆಮಂದಿಗೆಲ್ಲ ತೋರಿಸಿದ್ದೇ ಎಡವಟ್ಟಾಯಿತು.

ಕನ್ನಡದ ವಿಶ್ವಕೋಶವೊಂದಕ್ಕೆ ಲೇಖನ ಸಿದ್ಧಪಡಿಸುವ ಗುಂಪಿನಲ್ಲಿ ನನ್ನ ತಮ್ಮನ ಮಗಳಿದ್ದಾಳೆ. “ದೊಡ್ಡಪ್ಪ, ಜರ್ಮನ್ ಭಾಷಾವಿಜ್ಞಾನಿಯೊಬ್ಬರ ಮೇಲೆ ಒಂದು ಲೇಖನ ಬಂದಿದೆ. ಯಂತ್ರಾನುವಾದ ಇರಬೇಕು. ನೀವು ಸುಮ್ಮನೆ ಒಮ್ಮೆ ಕಣ್ಣಾಡಿಸಿ ಕೊಡಿ” ಎಂದಳು. ‘ಸುಮ್ಮನೆ’, ‘ಒಮ್ಮೆ’, ‘ಕಣ್ಣಾಡಿಸಿ’ ಎಂಬ ಮೂರು ಪದಗಳು ಒಂದೇ ವಾಕ್ಯದಲ್ಲಿ ಬಂದರೆ ಹದಿನೈದು ದಿನ ಹೋಯಿತೆಂದೇ ಲೆಕ್ಕ.

ಲೇಖನದ ಮೊದಲ ವಾಕ್ಯ ಹೀಗಿತ್ತು: ‘ಶ್ಲೈಖರ್ ಅವರು ಆಗಸ್ಟ್ ತಿಂಗಳಲ್ಲಿ, 1821ರ ಫೆಬ್ರವರಿ 19ರಂದು, ಮೈನಿಂಗೆನ್‌ನಲ್ಲಿ ಜನಿಸಿದರು.’ ಎರಡು ತಿಂಗಳಲ್ಲಿ ಹುಟ್ಟಿದ ಮಹಾನುಭಾವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಆಗಸ್ಟ್ ಎಂಬುದು ಅವರ ಹೆಸರು, ತಿಂಗಳಲ್ಲ ಎಂದು ಹೊಳೆಯಲು ಒಂದು ಲೋಟ ಕಾಫಿ ಬೇಕಾಯಿತು. ಮುಂದೆ, ‘1857ರಲ್ಲಿ ಅವರು ಜೇನಿನಲ್ಲಿ ಪ್ರಾಧ್ಯಾಪಕರಾದರು’ ಎಂದಿತ್ತು. ಅದರ ಕೆಳಗೇ ಅವರಿಗೆ ತೋಟಗಾರಿಕೆಯ ಹುಚ್ಚಿತ್ತು ಎಂದು ಬರೆದದ್ದರಿಂದ, ಪೆಟ್ಟಿಗೆಯಲ್ಲಿ ಜೇನು ಸಾಕಿಕೊಂಡು ಪಾಠ ಹೇಳುತ್ತಿದ್ದರೇನೋ ಎಂದು ಅರ್ಧ ದಿನ ನಂಬಿದ್ದೆ. ಅದು ಯೇನಾ ಎಂಬ ಊರು. ತೋಟದ ಹುಚ್ಚಂತೂ ನಿಜ. ಯೇನಾದಲ್ಲಿ ಅವರ ಸ್ನೇಹಿತರಾಗಿದ್ದ ಜೀವವಿಜ್ಞಾನಿ ಎರ್ನ್ಸ್ಟ್ ಹೆಕೆಲ್, ಗಿಡಗಳ ಮೇಲೆ ಇಷ್ಟೊಂದು ಪ್ರೀತಿಯುಳ್ಳವರು ಡಾರ್ವಿನ್ನನನ್ನು ಓದದಿದ್ದರೆ ಹೇಗೆಂದು ಬೆನ್ನು ಹತ್ತಿ ಓದಿಸಿದರು. ಶ್ಲೈಖರ್ ಓದಿ, 1863ರಲ್ಲಿ ಹೆಕೆಲ್‌ಗೆ ಬರೆದ ಬಹಿರಂಗ ಪತ್ರವನ್ನೇ ಪುಸ್ತಿಕೆಯಾಗಿ ಪ್ರಕಟಿಸಿದರು. ಅದರ ಒಟ್ಟು ಧಾಟಿ, ಭಾಷೆಗಳ ವಿಷಯದಲ್ಲಿ ಇದನ್ನೆಲ್ಲ ನಾವು ಮೊದಲೇ ಕಂಡುಕೊಂಡಿದ್ದೇವೆ ಎಂಬಂತಿದೆ. ಹೇಳುವ ಹಕ್ಕೂ ಅವರಿಗಿತ್ತು. ಡಾರ್ವಿನ್ನನ ಪುಸ್ತಕ ಬಂದದ್ದು 1859ರಲ್ಲಿ, ಭಾಷೆಗಳನ್ನು ಮರದ ಕೊಂಬೆಗಳಂತೆ ಶ್ಲೈಖರ್ ಚಿತ್ರಿಸಿದ್ದು 1853ರಲ್ಲಿ.

ಹೆಸರಿನ ಉಚ್ಚಾರಣೆಗೆ ಒಂದು ಸಂಜೆ ಪೂರ್ತಿ ಹೋಯಿತು. ಶ್ಲೈಶರ್ ಎಂದರೆ ತಪ್ಪು, ಶ್ಲೈಹರ್ ಎಂದರೂ ತಪ್ಪು. ‘ಶ’ಕಾರಕ್ಕೂ ‘ಹ’ಕಾರಕ್ಕೂ ನಡುವೆ ಗಾಳಿಯನ್ನು ಉಜ್ಜಿಕೊಂಡು ಹೊರಡಬೇಕಾದ ಆ ಸದ್ದಿಗೆ ನಲವತ್ತೊಂಬತ್ತು ಅಕ್ಷರಗಳ ನಮ್ಮ ವರ್ಣಮಾಲೆಯಲ್ಲಿ ಒಂದೂ ಇಲ್ಲ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೆ. ನನ್ನ ಹೆಂಡತಿ ಮಾತಾಡದೆ ಮೆಣಸು, ಶುಂಠಿ ಹಾಕಿದ ಕಷಾಯ ತಂದಿಟ್ಟು, “ರೀ, ನಾಳೆಯೂ ಹೀಗೇ ಇದ್ದರೆ ಡಾಕ್ಟರ ಹತ್ತಿರ ಹೋಗೋಣ” ಎಂದಳು. ಕಷಾಯ ಕುಡಿದು ‘ಖ’ಕಾರಕ್ಕೆ ರಾಜಿಯಾದೆ.

ಇಲ್ಲಿಯವರೆಗೆ ತಪ್ಪೆಲ್ಲ ಯಂತ್ರದ್ದು. ಆದ್ದರಿಂದ ನನಗೆ ಕೊಬ್ಬು ಬಂದಿತ್ತು. ‘ತಾಯಿಯ ನಾಲಿಗೆ’ ಎಂದಿದ್ದಲ್ಲಿ ‘ತಾಯ್ನುಡಿ’ ಎಂದೂ ‘ಹೆಣ್ಣುಮಕ್ಕಳ ಭಾಷೆಗಳು’ ಎಂದಿದ್ದಲ್ಲಿ ‘ಕವಲು ಭಾಷೆಗಳು’ ಎಂದೂ ತಿದ್ದುತ್ತ, ಪ್ರತಿ ತಿದ್ದುಪಡಿಗೂ ಒಮ್ಮೆ ಮೀಸೆ ಮುಟ್ಟಿಕೊಳ್ಳುತ್ತ ಮುಂದುವರಿದೆ. ಭಾಷೆಗಳ ಮರದ ಚಿತ್ರ ಬಂತು. ಸಂಸ್ಕೃತ ಇತ್ತು, ಗ್ರೀಕ್ ಇತ್ತು, ಲಿಥುವೇನಿಯನ್ ಇತ್ತು. ಬೇರಿನಿಂದ ತುದಿಯವರೆಗೆ ಹುಡುಕಿದೆ, ಕನ್ನಡ ಇಲ್ಲ! ‘ಎರಡು ಸಾವಿರ ವರ್ಷಗಳ ಇತಿಹಾಸವುಳ್ಳ ಕನ್ನಡವನ್ನು ಕೈಬಿಟ್ಟಿರುವುದು ಖಂಡನೀಯ’ ಎಂದು ಅಂಚಿನಲ್ಲಿ ಕೆಂಪಕ್ಷರದಲ್ಲಿ ಬರೆದೆ. ಆ ಮರ ಇಂಡೋ-ಯುರೋಪಿಯನ್ ಕುಟುಂಬದ್ದು, ನಮ್ಮದು ದ್ರಾವಿಡ ಕುಟುಂಬ, ಬಿಷಪ್ ಕಾಲ್ಡ್‌ವೆಲ್ ಅದರ ತೌಲನಿಕ ವ್ಯಾಕರಣವನ್ನು 1856ರಲ್ಲೇ ಬರೆದಿದ್ದರು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆವೇಶದಲ್ಲಿ ನೆನಪಾಗಲಿಲ್ಲ, ಅಷ್ಟೆ. ಪಕ್ಕದ ಮನೆಯ ಮದುವೆಯ ಫೋಟೋದಲ್ಲಿ ನಮ್ಮ ಅಜ್ಜಿ ಇಲ್ಲವೆಂದು ಜಗಳ ತೆಗೆದ ಹಾಗಾಯಿತು.

ಆಮೇಲೆ ಕುರಿ ಬಂತು.

ಶ್ಲೈಖರ್ 1868ರಲ್ಲಿ ಒಂದು ಪುಟ್ಟ ಕಥೆ ಬರೆದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಎಲ್ಲಕ್ಕೂ ಮೂಲವಾಗಿದ್ದ, ಯಾರೂ ಬರೆದಿಡದೆ ಹೋದ ಭಾಷೆಯಲ್ಲಿ! ಇದ್ದಿರಬಹುದಾದ ಪದಗಳನ್ನು ಹೋಲಿಕೆಯಿಂದ ಊಹಿಸಿ ಕಟ್ಟಿದ ಕಥೆ. ಮೈ ಬೋಳಾದ ಕುರಿಯೊಂದು ಗಾಡಿ ಎಳೆಯುವ, ಹೊರೆ ಹೊರುವ, ಮನುಷ್ಯನನ್ನು ಹೊತ್ತು ಓಡುವ ಕುದುರೆಗಳನ್ನು ಕಂಡು ಮರುಗುತ್ತದೆ. ಕುದುರೆಗಳು, ‘ನಮಗೂ ನಿನ್ನನ್ನು ಕಂಡು ಸಂಕಟವಾಗುತ್ತದೆ, ನಿನ್ನ ಉಣ್ಣೆಯಿಂದ ಮನುಷ್ಯ ತನಗೆ ಬೆಚ್ಚನೆಯ ಬಟ್ಟೆ ಮಾಡಿಕೊಂಡ, ನಿನಗೇ ಉಣ್ಣೆ ಇಲ್ಲ’ ಎನ್ನುತ್ತವೆ. ಕುರಿ ಬಯಲಿಗೆ ಓಡಿಹೋಗುತ್ತದೆ. ನಾನಾಗಿದ್ದರೂ ಓಡುತ್ತಿದ್ದೆ.

ಈ ಕಥೆಯಲ್ಲಿ ಉಣ್ಣೆಗೆ ಶ್ಲೈಖರ್ ಇಟ್ಟ ಪದ ‘ವರ್ನಾ’. ಯಂತ್ರ ಅದನ್ನು ‘ವರ್ಣವಿಲ್ಲದ ಕುರಿ’ ಎಂದಿತ್ತು. ನಾನು ಕನ್ನಡದ ಜಾಯಮಾನಕ್ಕೆ ತರುವ ಉತ್ಸಾಹದಲ್ಲಿ ‘ಬಣ್ಣಗೆಟ್ಟ ಕುರಿ’ ಎಂದೆ. ವಾಕ್ಯ ಎಷ್ಟು ಸೊಗಸಾಯಿತೆಂದರೆ ಹೆಂಡತಿಗೆ ಓದಿ ಹೇಳಿದೆ. “ಬಣ್ಣ ಹೋದರೆ ಕುದುರೆಗಳಿಗೇಕೆ ಅಷ್ಟು ದುಃಖ?” ಎಂದು ಅವಳು ಕೇಳಿದ್ದನ್ನು ಸಾಹಿತ್ಯದ ಗಂಧವಿಲ್ಲದ ಪ್ರಶ್ನೆಯೆಂದು ತಳ್ಳಿಹಾಕಿದೆ.

ಕೊನೆಯಲ್ಲಿ ಪದಪಟ್ಟಿ. ಅಲ್ಲಿ ಒಂದೊಂದು ಸಾಲಿನ ಮೊದಲ ಪದದ ಹಿಂದೆ ಒಂದೊಂದು ನಕ್ಷತ್ರ ಚಿಹ್ನೆ: *ಅವಿಸ್, *ಅಕ್ವಸ್, ಹೀಗೆ. ನಕ್ಷತ್ರ ಇದ್ದಲ್ಲಿ ಅಡಿಟಿಪ್ಪಣಿ ಇರಬೇಕಷ್ಟೆ? ಪುಟದ ಕೆಳಗೆ ನೋಡಿದೆ, ಇಲ್ಲ. ಲೇಖನದ ಕೊನೆಗೆ ನೋಡಿದೆ, ಇಲ್ಲ. ಟೈಪ್ ಮಾಡಿದವರ ಬೆರಳು ಜಾರಿದೆ ಎಂದು ತೀರ್ಮಾನಿಸಿ ಒಂದೊಂದಾಗಿ ಕಿತ್ತೆ. ಒಟ್ಟು ನಲವತ್ತಮೂರು. ‘ಅನಗತ್ಯ ಚಿಹ್ನೆಗಳನ್ನು ತೆಗೆದು ಶುದ್ಧಗೊಳಿಸಲಾಗಿದೆ’ ಎಂಬ ಷರಾ ಬರೆದು ಕಳುಹಿಸಿದ ರಾತ್ರಿ ಸುಖವಾಗಿ ನಿದ್ದೆ ಬಂತು.

ಮೂರನೆಯ ದಿನ ನಿವೃತ್ತ ಪ್ರಾಧ್ಯಾಪಕರೊಬ್ಬರ ಫೋನ್ ಬಂತು. ಆ ಗುಂಪಿನ ಹಿರಿಯರು. ಕೈ ಬಿಡುವಿರಲಿಲ್ಲ, ಸೊಪ್ಪು ಬಿಡಿಸುತ್ತಿದ್ದೆ, ಸ್ಪೀಕರ್ ಹಾಕಿದೆ.

“ರಾಯರೇ, ನಕ್ಷತ್ರಗಳನ್ನೆಲ್ಲ ಏನು ಮಾಡಿದಿರಿ?”

“ತೆಗೆದೆ ಸಾರ್.”

ಆ ಕಡೆಯಿಂದ ಕೆಲವು ಕ್ಷಣ ಉಸಿರಾಟ ಮಾತ್ರ ಕೇಳಿಸಿತು. ಆಮೇಲೆ ಬಹಳ ಮೃದುವಾಗಿ ವಿವರಿಸಿದರು. ಸಂಸ್ಕೃತದಲ್ಲಿ ಅಶ್ವ, ಲ್ಯಾಟಿನ್ನಿನಲ್ಲಿ ಎಕ್ವುಸ್. ಇವು ಗ್ರಂಥಗಳಲ್ಲಿವೆ, ಸಾಕ್ಷಿ ಇದೆ. ಇವೆರಡರ ಹಿಂದೆ ಇದ್ದಿರಬಹುದಾದ ರೂಪಕ್ಕೆ ಶಾಸನವಿಲ್ಲ, ಓಲೆಗರಿಯಿಲ್ಲ, ಕೇಳಿದವರು ಬದುಕಿಲ್ಲ. ಅಂಥ ಪದಕ್ಕೆ, ‘ಇದು ನಮ್ಮ ಊಹೆ’ ಎಂದು ಒಪ್ಪಿಕೊಳ್ಳುವ ಗುರುತು ಆ ನಕ್ಷತ್ರ. ಅದನ್ನು ರೂಢಿಗೆ ತಂದವರಲ್ಲಿ ಶ್ಲೈಖರ್ ಮುಖ್ಯರು. “ನಮ್ಮಲ್ಲೂ ಹಾಗೆಯೇ. ‘ಪಾಲ್’ ಎಂಬುದು ಹಳಗನ್ನಡದಲ್ಲಿದೆ, ಅದೇ ಈಗ ‘ಹಾಲು’. ಅದಕ್ಕೆ ನಕ್ಷತ್ರ ಬೇಡ. ಆದರೆ ತಮಿಳು, ತೆಲುಗು, ಕನ್ನಡಗಳಿಗೆಲ್ಲ ಹಿಂದಿನ ರೂಪ ಬರೆಯುವಾಗ ನಕ್ಷತ್ರ ಹಾಕಲೇಬೇಕು. ಅದು ಮೂಲದ ನಕ್ಷತ್ರ, ರಾಯರೇ.”

ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಓಡಿ ಬಂದಳು. “ಮೂಲಾ ನಕ್ಷತ್ರವೇ? ಯಾರ ಜಾತಕ? ಹುಡುಗಿಯದೋ ಹುಡುಗನದೋ?”

ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಪ್ರಾಧ್ಯಾಪಕರು ಕುರಿಗೆ ಬಂದಿದ್ದರು. ವರ್ನಾ ಎಂದರೆ ಬಣ್ಣವಲ್ಲ. ಸಂಸ್ಕೃತದ ‘ಊರ್ಣಾ’ದ ಬಳಗ. ಆ ಊರ್ಣಾದ ತದ್ಭವವೇ ನಮ್ಮ ‘ಉಣ್ಣೆ’. ಹೈಸ್ಕೂಲಿನಲ್ಲಿ ತತ್ಸಮ-ತದ್ಭವ ಬಾಯಿಪಾಠ ಮಾಡಿ ಹತ್ತಕ್ಕೆ ಹತ್ತು ತೆಗೆದವನು ನಾನು. ಕೈಯಲ್ಲಿದ್ದ ಸೊಪ್ಪಿಗಿಂತ ಹೆಚ್ಚು ಬಾಡಿದೆ.

ಪ್ರಾಯಶ್ಚಿತ್ತಕ್ಕೆ ಆ ರಾತ್ರಿಯೇ ಕುಳಿತೆ. ನಲವತ್ತಮೂರು ನಕ್ಷತ್ರಗಳನ್ನು ಮತ್ತೆ ಹಾಕಿದೆ. ಭಕ್ತಿ ಉಕ್ಕಿ, ಇರಲಿ ಎಂದು ಪಕ್ಕದ ಕಂಬಗಳಲ್ಲಿದ್ದ ಸಂಸ್ಕೃತ, ಲ್ಯಾಟಿನ್ ಪದಗಳಿಗೂ ಹಾಕಿದೆ. ಬೆಳಿಗ್ಗೆ ಏಳಕ್ಕೇ ಫೋನ್: “ರಾಯರೇ, ಲ್ಯಾಟಿನ್ ಭಾಷೆ ಇತ್ತು. ನಿಜವಾಗಿಯೂ ಇತ್ತು. ನನ್ನ ಮಾತು ನಂಬಿ.”

ನನಗೆ ಸಿಕ್ಕ ಒಂದೇ ಸಮಾಧಾನ ಆ ಕುರಿಯಿಂದಲೇ. ಕಥೆ ಬರೆದ ವರ್ಷವೇ ಡಿಸೆಂಬರ್ 6ರಂದು, ನಲವತ್ತೇಳನೆಯ ವಯಸ್ಸಿನಲ್ಲಿ ಶ್ಲೈಖರ್ ತೀರಿಕೊಂಡರು. ಮುಂದೆ ಬಂದ ವಿದ್ವಾಂಸರು, ಇವರು ಸಂಸ್ಕೃತಕ್ಕೆ ಮಾರುಹೋಗಿ ಎಲ್ಲ ಕಡೆ ‘ಅ’ಕಾರ ತುಂಬಿದ್ದಾರೆ, ಗ್ರೀಕ್, ಲ್ಯಾಟಿನ್‌ಗಳ ‘ಎ’, ‘ಒ’ಗಳೇ ಹಳೆಯವು ಎಂದು ಕಂಡುಕೊಂಡರು. 1939ರಲ್ಲಿ ಹೆರ್ಮನ್ ಹಿರ್ಟ್ ಅವರ ತಿದ್ದುಪಡಿ ಬಂತು. 1979ರಲ್ಲಿ ಲೇಮನ್ ಮತ್ತು ಜ್ಗುಸ್ತಾ ಅದನ್ನೂ ತಿದ್ದಿದರು. ಆಮೇಲೂ ಹಲವರು ಕೈ ಹಾಕಿದ್ದಾರೆ. ಇಷ್ಟು ಸಲ ಪರಿಶೀಲನೆಗೊಳಗಾದ ಕುರಿ ಜಗತ್ತಿನಲ್ಲಿ ಇನ್ನೊಂದಿರಲಾರದು. ಪ್ರತಿ ಸಲವೂ ಬಾಯಿಂದ ಬರುವ ಸದ್ದು ಬದಲಾಗಿದೆ, ಉಣ್ಣೆ ಮಾತ್ರ ಯಾರೂ ಕೊಟ್ಟಿಲ್ಲ. ಅದಕ್ಕೆ ‘ಬಣ್ಣಗೆಟ್ಟ’ ಎಂಬ ವಿಶೇಷಣ ಕೊಟ್ಟವನು ನಾನೊಬ್ಬನೇ.

ಲೇಖನ ಕೊನೆಗೂ ಒಪ್ಪಿಗೆಯಾಯಿತು. ಈ ಸಡಗರದಲ್ಲಿ ನಕ್ಷತ್ರದ ಅರ್ಥವನ್ನು ಹೆಂಡತಿಗೂ ವಿವರವಾಗಿ ಹೇಳಿದ್ದೆ. ಅವಳು ಪುಳಿಯೋಗರೆ ಗೊಜ್ಜು ಕಲಸುತ್ತ ಕೇಳಿದಳೋ ಇಲ್ಲವೋ ತಿಳಿಯಲಿಲ್ಲ. ಮರುದಿನ ಅಂಗಡಿಗೆ ಹೊರಟಾಗ ಚೀಟಿ ಕೈಗಿಟ್ಟಳು. ಬೀದಿಯ ತಿರುವಿನಲ್ಲಿ ಬಿಡಿಸಿ ನೋಡಿದೆ:

ಬೆಲ್ಲ 1 ಕಿಲೋ
ಹುಣಸೆಹಣ್ಣು ಅರ್ಧ ಕಿಲೋ
*ನೀವು ಹೋದ ವಾರ ತಂದೆನೆಂದ ತೊಗರಿಬೇಳೆ