ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ ಗೆದ್ದಿಲ್ಲ: ಒಂದು ಸ್ಪಷ್ಟನೆ

ಬಳ್ಳಾರಿ, ತೋರಣಗಲ್ಲು ಕಡೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಬೆಂಗಳೂರು ಎಫ್‌ಸಿಯ ಹಳಬರೂ ಈಗಿನವರೂ ನೆನೆಯುವ 2016ರ ಕಂಠೀರವದ ಆ ರಾತ್ರಿ, ಏಷ್ಯಾದ ಕ್ಲಬ್‌ಗಳ ಫುಟ್‌ಬಾಲ್ ಟೂರ್ನಿ ಎಎಫ್‌ಸಿ ಕಪ್ ಗೆದ್ದ ರಾತ್ರಿಯಂತೆ.

ಅಲ್ಲ, ಅದು ಸೆಮಿಫೈನಲ್. ಅಕ್ಟೋಬರ್ 19ರಂದು ಹಾಲಿ ಚಾಂಪಿಯನ್ ಮಲೇಷ್ಯಾದ ಜೊಹೊರ್ ತಂಡವೇ ಮೊದಲು ಗೋಲು ಹೊಡೆಯಿತು. ಬೆಂಗಳೂರಿನ ಸುನಿಲ್ ಛೆಟ್ರಿ ತಲೆಯಿಂದ ಹೊಡೆದು ಸಮ ಮಾಡಿದರು. ಆಮೇಲೆ ದೂರದಿಂದಲೇ ಇನ್ನೊಂದು ಬಾರಿಸಿದರು, ಎಂಥ ಹೊಡೆತ ಅದು! ಮೂರನೆಯದು ಹುವಾನನ್ ಅವರದು. 3-1.

ಫೈನಲ್ ನಡೆದದ್ದು ನವೆಂಬರ್ 5ಕ್ಕೆ, ದೋಹಾದಲ್ಲಿ. ಇರಾಕ್‌ನ ಏರ್‌ಫೋರ್ಸ್ ಕ್ಲಬ್ 1-0ಯಿಂದ ಗೆದ್ದಿತು. ಆದರೂ ಅಲ್ಲಿವರೆಗೆ ಹೋದ ಮೊದಲ ಭಾರತೀಯ ಕ್ಲಬ್ ಇದು, ಅದೇನು ಕಡಿಮೆಯಲ್ಲ ಅಲ್ವಾ?

ಮತ್ತೆ 'ನಮ್ಮ ತೋರಣಗಲ್ಲು ಟೀಮ್' ಅನ್ನುವುದು ಅರ್ಧ ನಿಜ: ಮಾಲೀಕರು ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವ ಜೆಎಸ್‌ಡಬ್ಲ್ಯು, ತವರು ಮೈದಾನ ಮಾತ್ರ ಬೆಂಗಳೂರಿನ ಕಂಠೀರವ.