‘ಯಾರೂ ಬಲವಂತ ಮಾಡಿಲ್ವಲ್ಲ’ ಅನ್ನೋರಿಗೆ

ಬೆಳಿಗ್ಗೆ ವಾಕಿಂಗ್ ಮುಗಿಸಿ ಜಯನಗರದ ಒಂದು ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಪಕ್ಕದಲ್ಲಿ ನಿಂತವರು ಅಗ್ನಿವೀರರ, ಅಂದರೆ ನಾಲ್ಕು ವರ್ಷಕ್ಕೆ ಅಂತ ಸೇನೆ ಸೇರುವ ಹುಡುಗರ ಮಾತು ತೆಗೆದರು. “ನಾಲ್ಕೇ ವರ್ಷ ಅಂತ ಗೊತ್ತಿದ್ದೇ ಸೇರ್ತಾರೆ, ಯಾರೂ ಬಲವಂತ ಮಾಡಿಲ್ವಲ್ಲ ಸರ್” ಅಂದರು. ಮನೆಗೆ ಬಂದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಗದಗ ಕಡೆ ಹುಡುಗರು ನಸುಕಿನಲ್ಲೇ ರಸ್ತೆಗಿಳಿದು ಓಡುತ್ತಾರೆ. ಭರ್ತಿ ರ‍್ಯಾಲಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ಶಾಲೆ ಮೈದಾನದ ಕಬ್ಬಿಣದ ಪೈಪಿಗೆ ಜೋತುಬಿದ್ದು ಹತ್ತು ಪುಲ್‌ಅಪ್ ಹೊಡೆಯುತ್ತಾರೆ. ಅಂಗೈಯೆಲ್ಲ ಬೊಬ್ಬೆ. ನನ್ನ ಅಕ್ಕನ ಮಗನೂ ಅವರಲ್ಲೊಬ್ಬ. ಎರಡೆಕರೆ ಹೊಲ, ಅದೂ ಮಳೆ ನಂಬಿದ್ದು. “ಆರ್ಮಿ ಒಂದ್ ಆತಂದ್ರ ಮನಿ ಸಾಲ ತೀರತೈತಿ ಮಾಮಾ” ಅಂತಾನೆ. ದೇಶದ ಮೇಲೆ ಅವನಿಗೆ ಪ್ರೀತಿ ಇಲ್ಲ ಅಂತಲ್ಲ, ನನಗಿಂತ ಜಾಸ್ತಿಯೇ ಇದೆ. ಆದರೆ ಜಯನಗರದ ಹುಡುಗನಿಗೆ ಇರೋ ದಾರಿಗಳು ಅವನಿಗಿಲ್ಲ. ಮಳೆ ಕೈಕೊಟ್ಟ ವರ್ಷ ಬಲವಂತ ಮಾಡೋಕೆ ಸರ್ಕಾರವೇ ಬರಬೇಕಾ?

“ಹಾಗಾದರೆ ಸೇನೆಯ ಸೇವೆ ಎಲ್ಲರಿಗೂ ಕಡ್ಡಾಯ ಮಾಡಲಿ, ಸಮ ಆಗುತ್ತೆ” ಅಂತ ನಿಮ್ಮಲ್ಲೇ ಕೆಲವರು ಹೇಳುತ್ತೀರಿ. ದಕ್ಷಿಣ ಕೊರಿಯಾದಲ್ಲಿ ಹೆಸರುವಾಸಿ ಹಾಡುಗಾರರ ತಂಡ ಬಿಟಿಎಸ್‌ನ ಹುಡುಗರೂ ಕಡ್ಡಾಯ ಸೇವೆಗೆ ಹೋದರು, ನಿಜ. ಅಮೆರಿಕ ನೋಡಿ. ವಿಯೆಟ್ನಾಂ ಯುದ್ಧ ನಡೆಯುವಾಗ ಕಾಲೇಜು ಓದುವವರಿಗೆ ವಿನಾಯಿತಿ ಇತ್ತು. 1969ರ ಡಿಸೆಂಬರ್‌ನಲ್ಲಿ ಯಾರನ್ನು ಮೊದಲು ಕರೆಯಬೇಕು ಅಂತ ಹುಟ್ಟಿದ ದಿನಾಂಕದ ಚೀಟಿ ಎತ್ತಿದ ಮೇಲೂ ಆ ವಿನಾಯಿತಿ ತಕ್ಷಣ ಹೋಗಲಿಲ್ಲ. ಕೊನೆಗೆ 1973ರಲ್ಲಿ ಕಡ್ಡಾಯ ಭರ್ತಿಯನ್ನೇ ನಿಲ್ಲಿಸಿದರು. ನಮ್ಮಲ್ಲಿ ಬಂದರೆ ಡಾಕ್ಟರ್ ಸರ್ಟಿಫಿಕೇಟು, ಶಿಫಾರಸು ಪತ್ರ ಯಾರ ಕೈಗೆ ಮೊದಲು ಸಿಗುತ್ತೆ ಅಂತ ನಿಮಗೂ ಗೊತ್ತು. ಅಲ್ಲದೆ ವರ್ಷಕ್ಕೆ ಕೋಟಿಗೂ ಜಾಸ್ತಿ ಹುಡುಗರು 18 ದಾಟುವ ದೇಶ ಇದು. ಅಷ್ಟು ಜನರನ್ನು ಸೇನೆ ಎಲ್ಲಿ ಇಟ್ಟುಕೊಳ್ಳುತ್ತೆ?

ನನ್ನ ಮಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಅವನನ್ನು ಗಡಿಗೆ ಕಳಿಸೋ ಮಾತು ಬಂದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಮುಚ್ಚಿಡುವುದಿಲ್ಲ. ಅದಕ್ಕೇ ಅಕ್ಕನ ಮಗನ ಋಣ ನನ್ನ ಮೇಲಿದೆ ಅನ್ನಿಸುತ್ತೆ. ನಿಮ್ಮ ಮೇಲೂ ಇದೆ.

ಆ ಋಣವನ್ನು ನಾವು ತೀರಿಸುತ್ತಿರೋ ರೀತಿ ನೋಡಿ. ಅಗ್ನಿವೀರರನ್ನು ತೆಗೆದುಕೊಳ್ಳೋ 2022ರ ಅಗ್ನಿಪಥ ಯೋಜನೆಯ ಪ್ರಕಾರ ನಾಲ್ಕು ವರ್ಷ ಆದ ಮೇಲೆ ನೂರರಲ್ಲಿ ಹೆಚ್ಚೆಂದರೆ 25 ಜನ ಸೇನೆಯಲ್ಲಿ ಉಳಿಯುತ್ತಾರೆ. ಉಳಿದವರಿಗೆ ಸೇವಾ ನಿಧಿ ಅಂತ ಸುಮಾರು 11.71 ಲಕ್ಷ ರೂಪಾಯಿ ಇಡುಗಂಟು ಕೊಟ್ಟು ಕಳಿಸುತ್ತಾರೆ. ಅದರಲ್ಲೂ ಹತ್ತಿರಹತ್ತಿರ ಅರ್ಧ, ಅವರದೇ ಸಂಬಳದಿಂದ ತಿಂಗಳು ತಿಂಗಳು ಹಿಡಿದದ್ದು. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಸೇನೆ ಯುವಕರಿಂದ ತುಂಬಿರಬೇಕು ಅನ್ನೋ ವಾದ ಒಪ್ಪೋಣ. ಅದರ ಬೆಲೆಯನ್ನೆಲ್ಲ ಇಪ್ಪತ್ತೆರಡರ ಹುಡುಗನೇ ಯಾಕೆ ತೆರಬೇಕು? ಅರೆಸೇನಾ ಪಡೆಗಳಲ್ಲಿ ಮೀಸಲಾತಿ ಇದೆ ಅಂತ ಹೇಳಬೇಡಿ. ಅಷ್ಟು ಜನಕ್ಕೂ ಅಲ್ಲಿ ಜಾಗ ಸಿಗೋದಿಲ್ಲ.

ಪಿಂಚಣಿ ಕೊಡೋಕೆ ದುಡ್ಡಿಲ್ಲ ಅಂದರೆ ಡಿಗ್ರಿ ಓದೋಕೆ ಸೀಟು ಕೊಡಿ, ಹಾಸ್ಟೆಲ್ ಕೊಡಿ. ನಮ್ಮ ಬೆಂಗಳೂರಿನ ಕಂಪನಿಗಳಲ್ಲಿ ಮರ್ಯಾದೆಯ ಕೆಲಸ ಕೊಡಿಸಿ. ಅಪಾರ್ಟ್‌ಮೆಂಟಿನ ಗೇಟು ಕಾಯೋ ಕೆಲಸವನ್ನಲ್ಲ.