ಜಾಗರ ಕಣಿವೆಯ ಫಲಕದಲ್ಲಿ ಇಲ್ಲದ ಹೆಸರುಗಳು

ಭದ್ರಾ ಅಭಯಾರಣ್ಯದ ಮುತ್ತೋಡಿಯ ಸಫಾರಿ ಫೋಟೋಗಳನ್ನು ನೋಡಿದಾಗಲೆಲ್ಲ ನನಗೆ 1951ನೇ ಇಸವಿ ನೆನಪಾಗುತ್ತದೆ. ಬಾಬಾಬುಡನ್ ಗಿರಿಯ ತೆಕ್ಕೆಯಲ್ಲಿರುವ ಜಾಗರ ಕಣಿವೆಯ ಸುಮಾರು 252 ಚದರ ಕಿಲೋಮೀಟರ್ ಕಾಡನ್ನು ಮೈಸೂರು ಸರ್ಕಾರ ವನ್ಯಜೀವಿಧಾಮವೆಂದು ಘೋಷಿಸಿದ್ದು ಆ ವರ್ಷ. ದೇಶದ ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ, ಹುಲಿ ಯೋಜನೆ 1973ರಲ್ಲಿ. ಅದಕ್ಕೂ ಎರಡು ದಶಕ ಮೊದಲೇ ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಶುರುವಾಗಿತ್ತು ಎಂಬುದು ಚಿಕ್ಕಮಗಳೂರಿನ ಎಷ್ಟೋ ಜನರಿಗೇ ಗೊತ್ತಿಲ್ಲ. ನನಗೆ ಇದು ಬೇಸರ ತರಿಸುತ್ತದೆ.

ಆಗಿನ ಮಲೆನಾಡು ಹೇಗಿತ್ತು? ನಮ್ಮ ಅಜ್ಜನ ಒಂಟಿ ನಳಿಗೆಯ ಕೋವಿ ನಡುಮನೆಯ ಗೋಡೆಯಲ್ಲಿ, ಕಡವೆಯ ಕೊಂಬಿಗೆ ತೂಗುಬಿದ್ದಿರುತ್ತಿತ್ತು. ಮಳೆ ಹಿಡಿದಾಗ ಅಜ್ಜ ಅದನ್ನು ಕೆಳಗಿಳಿಸಿ, ಹಳೆಯ ಪಂಚೆಯ ಚೂರಿಗೆ ಎಣ್ಣೆ ಹಚ್ಚಿ, ತುಕ್ಕು ಹಿಡಿಯದಂತೆ ಉಜ್ಜುತ್ತಿದ್ದರು. ಮರಸು ಕೂರುವುದು, ಅಂದರೆ ಅಡಗಿ ಕೂತು ಬೇಟೆಗೆ ಕಾಯುವುದು, ಹಂದಿ ಈಡಿಗೆ ಹೋಗುವುದು ಗದ್ದೆ ಕೆಲಸದಷ್ಟೇ ಸಹಜವಾಗಿತ್ತು. ಕೊಟ್ಟಿಗೆಯ ದನ ಹಿಡಿದ ಹುಲಿಯನ್ನು ಹೊಡೆದವನು ಊರಿಗೆ ಉಪಕಾರಿ. ಅಂಥ ಸೀಮೆಯಲ್ಲಿ ಒಂದು ಕಣಿವೆಯನ್ನೇ ಪ್ರಾಣಿಗಳಿಗೆ ಬಿಡುವುದು ಸಣ್ಣ ಮಾತಲ್ಲ. ಆದೇಶ ಹೊರಟ ಮಾತ್ರಕ್ಕೆ ಕೋವಿಗಳು ಸುಮ್ಮನಾಗಲಿಲ್ಲ, ಅದು ಬೇರೆ ವಿಷಯ.

1974ರಲ್ಲಿ ಲಕ್ಕವಳ್ಳಿಯ ಕಾಡೂ ಸೇರಿ ಜಾಗರ ಕಣಿವೆಯ ವನ್ಯಜೀವಿಧಾಮ ಭದ್ರಾ ಅಭಯಾರಣ್ಯವಾಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು.

ಆಮೇಲಿನದನ್ನು ಮಾತ್ರ ನಾವು ಅರ್ಧಕ್ಕೇ ನಿಲ್ಲಿಸುತ್ತೇವೆ. 2001–02ರ ಸುಮಾರಿಗೆ ಹೆಬ್ಬೆ, ಹಿಪ್ಲ, ಮಡ್ಲದಂತಹ ಊರುಗಳ ನಾಲ್ಕು ನೂರಕ್ಕೂ ಹೆಚ್ಚು ಕುಟುಂಬಗಳು ಕಾಡು ಬಿಟ್ಟು ಹೊರಗೆ ಬಂದವು. ಬಹುಪಾಲು ಜನ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಹೋದರು. ಅವರಲ್ಲಿ ಅನೇಕರು ತಾವೇ ಕೇಳಿಕೊಂಡು ಹೊರಟವರು. ಆನೆ ತುಳಿದ ಗದ್ದೆ, ಮಳೆಗಾಲದಲ್ಲಿ ಕಡಿದುಹೋಗುವ ದಾರಿ, ಮಕ್ಕಳಿಗೆ ದೂರದ ಶಾಲೆ, ಇವು ಅವರಿಗೆ ಸಾಕಾಗಿದ್ದವು. ದೇಶದಾದ್ಯಂತ ಇದನ್ನು ಯಶಸ್ವೀ ಸ್ಥಳಾಂತರ ಎಂದು ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ, ಅದು ನಿಜವೇ. ಆದರೆ ಆ ಯಶಸ್ಸಿನಲ್ಲಿ ಅಧಿಕಾರಿಗಳ ಪಾಲಿನಷ್ಟೇ ಮನೆಯ ಹೊಸ್ತಿಲು ಬಿಟ್ಟು ಬಂದವರ ಪಾಲೂ ಇದೆ.

ಎಂ.ಸಿ. ಹಳ್ಳಿಯಲ್ಲಿ ಹಿಪ್ಲದ ಕಡೆಯ ಒಬ್ಬ ಹಿರಿಯರು ಸಿಕ್ಕಿದ್ದರು. ನಾನು ಮುತ್ತೋಡಿ ಕಡೆಯವನೆಂದು ತಿಳಿದೊಡನೆ, "ನಮ್ಮ ಹಿತ್ತಲಿನ ಹಲಸಿನ ಮರ ಇನ್ನೂ ಇದೆಯೇನಪ್ಪಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. "ಇದ್ದರೆ ಹಣ್ಣು ಆನೆ ತಿನ್ನುತ್ತದೆ, ಬಿಡಿ" ಎಂದು ಅವರೇ ಹೇಳಿ ಟೀ ಲೋಟ ನನ್ನ ಕಡೆ ಸರಿಸಿದರು.

ಮುತ್ತೋಡಿ ಗೇಟಿನಲ್ಲಿ 1951ರ ಜೊತೆಗೆ ಈ ಊರುಗಳ ಹೆಸರನ್ನೂ ಬರೆದ ಒಂದು ಫಲಕ ಬೇಕು. ಇದಕ್ಕಾಗಿ ಅರಣ್ಯ ಇಲಾಖೆಗೆ ಅರ್ಜಿ ಬರೆಯುತ್ತಿದ್ದೇನೆ. ಆ ಊರುಗಳವರು ಯಾರಾದರೂ ಇದನ್ನು ಓದಿದರೆ ನಿಮ್ಮ ಊರಿನ ಹೆಸರನ್ನು ನೀವು ಕರೆಯುವ ರೀತಿಯಲ್ಲೇ ಬರೆದು ಕಳುಹಿಸಿ.